ಮಕ್ಕಳ ತೊಡೆಸಂದಿನ ಹರ್ನಿಯಾ ಮತ್ತು ಅದರ ಶಸ್ತ್ರಚಿಕಿತ್ಸೆ

ಎಳೆಗೂಸಿಗೆ ಎಣ್ಣೆ ಹಚ್ಚಿ ನೀರೆರೆಯುವ ಹೊತ್ತಿನಲ್ಲಿ ಅಜ್ಜಿಯ ಕೈಗೆ ಏನೋ ತಾಗುತ್ತದೆ. ತೊಡೆಯು ಹೊಟ್ಟೆಯನ್ನು ಕೂಡುವ ಸಂದಿನಲ್ಲಿ ನೆಲ್ಲಿಕಾಯಿಯಷ್ಟು ಗಾತ್ರದ ಮೆತ್ತನೆಯ ಒಂದು ಉಬ್ಬು. ಕೂಸು ಅತ್ತಾಗ ಅದು ದೊಡ್ಡದಾಗುತ್ತದೆ, ನಿದ್ದೆ ಹೋದಾಗ ಕಾಣದಂತಾಗುತ್ತದೆ. ನೋವು ಇದ್ದಂತೆ ತೋರುವುದಿಲ್ಲ. ಕೂಸು ಹಾಲು ಕುಡಿಯುತ್ತದೆ, ನಗುತ್ತದೆ, ಕೈಕಾಲು ಬಡಿಯುತ್ತದೆ. ಮನೆಯವರು ನಾಲ್ಕು ದಿನ ನೋಡುತ್ತಾರೆ. ಬಳಿಕ ಯಾರೋ ಹಿರಿಯರು, ‘ಅದು ಅಂಡವಾಯು, ನನಗೂ ಇತ್ತು, ಬೆಳೆದಂತೆ ಸರಿಹೋಗುತ್ತದೆ’ ಎಂದು ಸಮಾಧಾನ ಹೇಳುತ್ತಾರೆ. ವಿಷಯ ಅಲ್ಲಿಗೆ ಮರೆಯಾಗುತ್ತದೆ.

ಈ ಲೇಖನವನ್ನು ಬರೆಯಲು ಕಾರಣ ಆ ಒಂದು ಸಮಾಧಾನದ ಮಾತು. ಮಕ್ಕಳ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುವ ಹರ್ನಿಯಾ ಬೆಳೆದಂತೆ ಸರಿಹೋಗುವುದಿಲ್ಲ. ಅದಕ್ಕೆ ಔಷಧಿಯಿಲ್ಲ, ಲೇಪವಿಲ್ಲ, ಪಟ್ಟಿಯಿಲ್ಲ. ಶಸ್ತ್ರಚಿಕಿತ್ಸೆಯೊಂದೇ ಅದರ ಪರಿಹಾರ. ಆದ್ದರಿಂದ ತಂದೆತಾಯಿಯರ ಎದುರಿಗಿರುವ ಪ್ರಶ್ನೆ ‘ಮಾಡಿಸಬೇಕೆ, ಬೇಡವೆ’ ಎಂಬುದಲ್ಲ, ‘ಎಂದು ಮಾಡಿಸಬೇಕು’ ಎಂಬುದು. ನಾವೇ ಆರಿಸಿಕೊಂಡ ದಿನ, ಸಿದ್ಧತೆ ಮಾಡಿಕೊಂಡು ಮಾಡಿಸುವ ಶಸ್ತ್ರಚಿಕಿತ್ಸೆಗೂ ನಡುರಾತ್ರಿಯಲ್ಲಿ ಬೇರೆ ದಾರಿಯಿಲ್ಲದೆ ಮಾಡಿಸುವ ಶಸ್ತ್ರಚಿಕಿತ್ಸೆಗೂ ಬಹಳ ಅಂತರವಿದೆ.

ಇದು ಹೇಗೆ ಉಂಟಾಗುತ್ತದೆಂಬುದನ್ನು ಮೊದಲು ತಿಳಿಯೋಣ. ತಾಯಿಯ ಗರ್ಭದಲ್ಲಿರುವಾಗ ಗಂಡುಶಿಶುವಿನ ವೃಷಣಗಳು ಹುಟ್ಟುವುದು ಈಗ ನಾವು ಕಾಣುವ ಸ್ಥಳದಲ್ಲಿ ಅಲ್ಲ. ಅವು ಹೊಟ್ಟೆಯ ಒಳಗೆ, ಮೂತ್ರಪಿಂಡಗಳ ಸಮೀಪದಲ್ಲಿ ರೂಪುಗೊಂಡು, ಕ್ರಮೇಣ ಕೆಳಗಿಳಿದು, ಏಳನೆಯ ತಿಂಗಳಿನ ಸುಮಾರಿಗೆ ತೊಡೆಸಂದಿನ ಓರೆಯಾದ ನಾಳವನ್ನು ಹಾಯ್ದು ವೃಷಣಕೋಶವನ್ನು ಸೇರುತ್ತವೆ. ಹೊಟ್ಟೆಯ ಒಳಮೈಗೆ ಹಾಸಿಕೊಂಡಿರುವ ತೆಳುವಾದ ಉದರಪೊರೆಯು ಇದೇ ದಾರಿಯಲ್ಲಿ ಕೈಚೀಲದ ಬೆರಳಿನಂತೆ ಕೆಳಕ್ಕೆ ಚಾಚಿಕೊಂಡಿರುತ್ತದೆ. ವೃಷಣವು ನೆಲೆ ಸೇರಿದ ಮೇಲೆ ಈ ಬೆರಳಿನಂಥ ಚೀಲಕ್ಕೆ ಕೆಲಸವಿಲ್ಲ. ಹುಟ್ಟುವ ಸಮಯದಲ್ಲಿ ಅಥವಾ ಹುಟ್ಟಿದ ಕೆಲವು ತಿಂಗಳುಗಳಲ್ಲಿ ಅದು ತಾನಾಗಿ ಮುಚ್ಚಿ ನಾರಾಗಿಬಿಡುತ್ತದೆ. ಕೆಲವು ಮಕ್ಕಳಲ್ಲಿ ಮುಚ್ಚುವುದಿಲ್ಲ. ತೆರೆದೇ ಉಳಿದ ಆ ದಾರಿ ಕಿರಿದಾಗಿದ್ದರೆ ಹೊಟ್ಟೆಯ ನೀರಿನಂಶ ಮಾತ್ರ ಇಳಿದು ವೃಷಣದ ಸುತ್ತ ನೀರು ತುಂಬುತ್ತದೆ. ಅಗಲವಾಗಿದ್ದರೆ ಕರುಳೇ ಜಾರಿ ಬರುತ್ತದೆ. ಎರಡನೆಯದೇ ಹರ್ನಿಯಾ.

ಹೆಣ್ಣುಮಕ್ಕಳಲ್ಲಿಯೂ ಈ ದಾರಿ ಇರುತ್ತದೆ, ಆದರೆ ಬಹಳ ಕಿರಿದು. ಆದುದರಿಂದ ಹರ್ನಿಯಾ ಗಂಡುಮಕ್ಕಳಲ್ಲಿ ಹಲವು ಪಟ್ಟು ಹೆಚ್ಚು. ಬಲಗಡೆಯ ವೃಷಣ ಎಡಗಡೆಯದಕ್ಕಿಂತ ತಡವಾಗಿ ಇಳಿಯುವುದರಿಂದ ಸುಮಾರು 60 ಪ್ರತಿಶತ ಹರ್ನಿಯಾಗಳು ಬಲಗಡೆಯವು. ಹತ್ತರಲ್ಲಿ ಒಂದರಷ್ಟು ಮಕ್ಕಳಿಗೆ ಎರಡೂ ಕಡೆ ಇರುತ್ತದೆ. ತುಂಬು ತಿಂಗಳಿಗೆ ಹುಟ್ಟಿದ ನೂರು ಮಕ್ಕಳಲ್ಲಿ ಒಂದರಿಂದ ಐದು ಮಕ್ಕಳಿಗೆ ಇದು ಕಾಣಿಸಿಕೊಳ್ಳಬಹುದು. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಅಳುವುದರಿಂದ ಅಥವಾ ಮುಕ್ಕುವುದರಿಂದ ಹರ್ನಿಯಾ ಹುಟ್ಟುವುದಿಲ್ಲ, ಮೊದಲೇ ಇದ್ದುದು ಕಣ್ಣಿಗೆ ಬೀಳುತ್ತದೆ ಅಷ್ಟೆ. ‘ಕೂಸನ್ನು ಅಳಲು ಬಿಟ್ಟೆ, ಅದಕ್ಕೇ ಹೀಗಾಯಿತು’ ಎಂದು ಸೊಸೆಯನ್ನು ದೂರುವ ಮನೆಗಳಿವೆ. ಆ ದೂರಿಗೆ ಯಾವ ಆಧಾರವೂ ಇಲ್ಲ.

ಅಜ್ಜನದು ಬೇರೆ, ಮೊಮ್ಮಗನದು ಬೇರೆ

ನಮ್ಮ ಪ್ರಾಚೀನರು ಈ ವ್ಯಾಧಿಯನ್ನು ಅರಿಯದವರಲ್ಲ. ಸುಶ್ರುತಸಂಹಿತೆಯು ಏಳು ಬಗೆಯ ವೃದ್ಧಿರೋಗಗಳನ್ನು ಹೇಳುತ್ತ, ಅವುಗಳಲ್ಲಿ ಒಂದನ್ನು ಅಂತ್ರವೃದ್ಧಿ, ಅಂದರೆ ಕರುಳಿನಿಂದಾದ ವೃದ್ಧಿ ಎಂದು ಕರೆದಿದೆ. ಒತ್ತಿದರೆ ಸದ್ದುಮಾಡುತ್ತ ಮೇಲೇರುತ್ತದೆ, ಬಿಟ್ಟರೆ ಮತ್ತೆ ಉಬ್ಬುತ್ತದೆ ಎಂಬ ಅದರ ವರ್ಣನೆಯನ್ನು ಇಂದಿನ ವೈದ್ಯ ವಿದ್ಯಾರ್ಥಿಗೂ ಹಾಗೆಯೇ ಕಲಿಸಬಹುದು. ಭಾರ ಹೊರುವುದು, ತನಗಿಂತ ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು ಇವೆಲ್ಲ ಅದಕ್ಕೆ ಕಾರಣಗಳೆಂದು ಆ ಗ್ರಂಥ ಹೇಳುತ್ತದೆ. ಗಮನಿಸಬೇಕಾದುದೆಂದರೆ, ಇವು ದುಡಿಯುವ ದೊಡ್ಡವರ ಕಾರಣಗಳು, ತೊಟ್ಟಿಲಿನ ಕೂಸಿನವಲ್ಲ.

ಗೊಂದಲ ಹುಟ್ಟುವುದು ಇಲ್ಲಿಯೇ. ವಯಸ್ಸಾದವರಲ್ಲಿ ಹೊಟ್ಟೆಯ ಗೋಡೆಯ ಸ್ನಾಯುಗಳು ಸವೆದು, ಸಡಿಲಗೊಂಡು, ಆ ದುರ್ಬಲ ಜಾಗದಿಂದ ಕರುಳು ಹೊರಚಾಚುತ್ತದೆ. ಅಂಥ ಹರ್ನಿಯಾ ತೊಂದರೆ ಕೊಡದಿದ್ದರೆ ಕೆಲವು ಹಿರಿಯರಲ್ಲಿ ವೈದ್ಯರೇ ಕಾದು ನೋಡೋಣ ಎನ್ನುವುದುಂಟು. ಶಸ್ತ್ರಚಿಕಿತ್ಸೆ ಮಾಡಿದರೆ ಸಡಿಲಗೊಂಡ ಗೋಡೆಗೆ ಮೆಶ್ ಎಂಬ ಜಾಲರಿಯನ್ನಿಟ್ಟು ಬಲಪಡಿಸುತ್ತಾರೆ. ಮಗುವಿನಲ್ಲಿ ಗೋಡೆ ಗಟ್ಟಿಯಾಗಿಯೇ ಇದೆ, ಮುಚ್ಚಬೇಕಾದ ದಾರಿಯೊಂದು ಮುಚ್ಚಿಲ್ಲ. ಆದ್ದರಿಂದ ಅದಕ್ಕೆ ಜಾಲರಿ ಬೇಡ, ಸ್ನಾಯುಗಳನ್ನು ಹೊಲಿಯುವುದೂ ಬೇಡ. ಆದರೆ ಕಾಯುವಂತೆಯೂ ಇಲ್ಲ, ಏಕೆಂದರೆ ಮಗುವಿನ ತೊಡೆಸಂದಿನ ಉಂಗುರ ಕಿರಿದು, ಬಿಗಿ. ಅದರೊಳಗೆ ನುಸುಳಿದ ಕರುಳು ಹಿಂದಿರುಗಲಾರದೆ ಸಿಕ್ಕಿಕೊಳ್ಳುವ ಅಪಾಯ ದೊಡ್ಡವರಿಗಿಂತ ಹೆಚ್ಚು. ಹೀಗೆ ಸಿಕ್ಕಿಕೊಳ್ಳುವುದು ಮೊದಲ ವರ್ಷದ ಮಕ್ಕಳಲ್ಲಿಯೇ ಅಧಿಕ, ಅದರಲ್ಲೂ ಮೊದಲ ಕೆಲವು ತಿಂಗಳುಗಳಲ್ಲಿ. ಅಜ್ಜನು ಇಪ್ಪತ್ತು ವರ್ಷ ಹರ್ನಿಯಾ ಇಟ್ಟುಕೊಂಡು ಗದ್ದೆ ಉತ್ತನೆಂಬುದು ಮೊಮ್ಮಗನ ವಿಷಯದಲ್ಲಿ ಪ್ರಮಾಣವಾಗಲಾರದು.

ಇನ್ನೊಂದು ಗೊಂದಲ ಹೊಕ್ಕುಳಿನದು. ಹೊಕ್ಕುಳು ಉಬ್ಬಿ ನಿಂತಿರುವ ಕೂಸುಗಳನ್ನು ಎಲ್ಲರೂ ನೋಡಿರುತ್ತಾರೆ. ಅದೂ ಹರ್ನಿಯಾವೇ. ಆದರೆ ಅದು ಬಹುಪಾಲು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚುತ್ತದೆ, ಕರುಳು ಸಿಕ್ಕಿಕೊಳ್ಳುವುದೂ ವಿರಳ. ಹೊಕ್ಕುಳಿನ ಮೇಲೆ ನಾಣ್ಯವಿಟ್ಟು ಬಟ್ಟೆ ಬಿಗಿಯುವ ರೂಢಿಯಿಂದ ಅದು ಬೇಗ ಮುಚ್ಚುವುದಿಲ್ಲ, ಚರ್ಮ ಹುಣ್ಣಾಗುವುದು ಮಾತ್ರ ನಿಜ. ವೃಷಣದ ಸುತ್ತ ನೀರು ತುಂಬಿದ್ದರೂ ಒಂದೆರಡು ವರ್ಷ ಕಾಯಬಹುದು. ಅನೇಕರಲ್ಲಿ ಅದು ಇಂಗಿಹೋಗುತ್ತದೆ. ಈ ಎರಡನ್ನೂ ಕಂಡು ಕೇಳಿದವರು ತೊಡೆಸಂದಿನ ಉಬ್ಬಿಗೂ ಅದೇ ನ್ಯಾಯವನ್ನು ಅನ್ವಯಿಸಿಬಿಡುತ್ತಾರೆ. ಆಡುಮಾತಿನಲ್ಲಿ ‘ಅಂಡವಾಯು’ ಎಂಬ ಒಂದೇ ಹೆಸರು ನೀರು ತುಂಬುವುದಕ್ಕೂ ಕರುಳಿಳಿಯುವುದಕ್ಕೂ ಬಳಕೆಯಾಗುವುದು ತಪ್ಪಿಗೆ ಇನ್ನಷ್ಟು ಎಡೆಮಾಡಿದೆ. ಯಾವುದು ಯಾವುದೆಂಬುದನ್ನು ವೈದ್ಯರೇ ನೋಡಿ ಹೇಳಬೇಕು.

ವೈದ್ಯರ ಬಳಿಗೆ ಹೋದ ದಿನ ಉಬ್ಬು ಕಾಣಿಸದೆ ಹೋಗುವುದು ಸಾಮಾನ್ಯ. ಮನೆಯಲ್ಲಿ ಉಬ್ಬು ಎದ್ದಾಗ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಅದರಿಂದ ಬಹಳ ಸಹಾಯವಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಸ್ಕ್ಯಾನಿಂಗ್ ಕೂಡ ಬೇಕಾಗದು. ತಾಯಿ ಹೇಳಿದ ವಿವರ, ಒಂದು ಚಿತ್ರ, ವೈದ್ಯರ ಬೆರಳುಗಳ ಪರೀಕ್ಷೆ ಇಷ್ಟೇ ಸಾಕು. ವೃಷಣ ಕೆಳಗಿಳಿದಿದೆಯೇ ಎಂಬುದನ್ನೂ ಆಗಲೇ ನೋಡುತ್ತಾರೆ. ಇಳಿಯದಿದ್ದರೆ ಎರಡನ್ನೂ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಸರಿಪಡಿಸುವುದು ವಾಡಿಕೆ.

ಕಾಯುವುದರ ಬೆಲೆ

ಸಿಕ್ಕಿಕೊಂಡ ಹರ್ನಿಯಾ ಎಂದರೇನೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಅದನ್ನು ತಾಯಂದಿರು ಗುರುತಿಸುವಂತಾಗಬೇಕು. ಪ್ರತಿದಿನ ಒಳಕ್ಕೆ ಹೋಗುತ್ತಿದ್ದ ಉಬ್ಬು ಒಂದು ದಿನ ಹೋಗುವುದಿಲ್ಲ. ಮೆತ್ತಗಿದ್ದುದು ಗಟ್ಟಿಯಾಗುತ್ತದೆ, ಮುಟ್ಟಿದರೆ ಮಗು ಚೀರುತ್ತದೆ. ಸಮಾಧಾನವಾಗದ ಅಳು, ಹಾಲು ಬಿಡುವುದು, ವಾಂತಿ ಇವು ಒಂದರ ಹಿಂದೊಂದು ಬರುತ್ತವೆ. ಮೊದಮೊದಲು ಕುಡಿದ ಹಾಲೇ ಹೊರಬರುತ್ತದೆ, ಆಮೇಲೆ ಹಸಿರು ಬಣ್ಣದ ಪಿತ್ತ. ಹೊಟ್ಟೆ ಉಬ್ಬರಿಸುತ್ತದೆ, ಮಲ ನಿಲ್ಲುತ್ತದೆ. ಉಬ್ಬಿನ ಮೇಲಿನ ಚರ್ಮ ಕೆಂಪಾಗಿ, ನೀಲಿಗಟ್ಟಿದರೆ ಒಳಗಿನ ಕರುಳಿಗೆ ರಕ್ತ ಸಂಚಾರ ಕಡಿಯುತ್ತಿದೆ ಎಂದರ್ಥ. ಆಗ ಉಳಿಯುವುದು ಕೆಲವೇ ಗಂಟೆಗಳ ಅವಕಾಶ. ತಡವಾದರೆ ಕರುಳಿನ ಆ ಭಾಗ ಸಾಯುತ್ತದೆ. ಅದನ್ನು ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಜೋಡಿಸಬೇಕಾಗುತ್ತದೆ. ಕರುಳು ಒತ್ತಿಹಿಡಿದ ರಕ್ತನಾಳಗಳು ವೃಷಣಕ್ಕೆ ಹೋಗುವವೂ ಹೌದು. ಆದ್ದರಿಂದ ಕರುಳು ಉಳಿದರೂ ಆ ಬದಿಯ ವೃಷಣ ಸೊರಗಿಹೋಗಬಹುದು.

ಈ ಲಕ್ಷಣಗಳು ಕಂಡ ತಕ್ಷಣ ಮಗುವಿಗೆ ಬಾಯಿಂದ ಏನನ್ನೂ ಕೊಡದೆ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಒತ್ತಿ ಒಳದೂಡುವ ಸಾಹಸ ಬೇಡ. ಆಸ್ಪತ್ರೆಯಲ್ಲಿ ಮಗುವಿಗೆ ನೋವಿನ ಔಷಧಿ ಮತ್ತು ಮಂಪರು ಕೊಟ್ಟು, ಅದು ಶಾಂತವಾದ ಮೇಲೆ, ಅನುಭವವುಳ್ಳ ಕೈಗಳು ನಿಧಾನವಾಗಿ, ನಿರಂತರವಾಗಿ ಒತ್ತಿ ಕರುಳನ್ನು ಹಿಂದಕ್ಕೆ ಕಳಿಸುತ್ತವೆ. ಸಕಾಲದಲ್ಲಿ ಬಂದ ಬಹುತೇಕ ಮಕ್ಕಳಲ್ಲಿ ಇದು ಫಲಿಸುತ್ತದೆ. ಬಾವು ಇಳಿಯಲೆಂದು ಒಂದೆರಡು ದಿನ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಬಳಿಕ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ‘ಒಳಗೆ ಹೋಯಿತಲ್ಲ’ ಎಂದು ಮಗುವನ್ನೆತ್ತಿಕೊಂಡು ಮನೆಗೆ ಹೊರಟುಬಿಡುವ ಕುಟುಂಬಗಳೂ ಇವೆ; ಅಂಥ ಮಗುವಿಗೆ ಮತ್ತೊಮ್ಮೆ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಒಳಗೆ ಹೋಗದಿದ್ದರೆ ಅದೇ ಗಳಿಗೆಯಲ್ಲಿ ಶಸ್ತ್ರಚಿಕಿತ್ಸೆ ಅನಿವಾರ್ಯ. ಊದಿಕೊಂಡ, ನೀರು ತುಂಬಿದ ಅಂಗಾಂಶಗಳ ನಡುವೆ, ಒದ್ದೆ ಕಾಗದದಷ್ಟು ದುರ್ಬಲವಾದ ಚೀಲವನ್ನು ಬಿಡಿಸುವುದು ನುರಿತವರಿಗೂ ಕಷ್ಟ. ತೊಡಕುಗಳು ಆಗ ಅನೇಕ ಪಟ್ಟು ಹೆಚ್ಚುತ್ತವೆ.

ಈ ಗಂಟೆಗಳ ಲೆಕ್ಕ ನಾವು ಎಲ್ಲಿ ವಾಸಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಉತ್ತರ ಕನ್ನಡದ ಕರಾವಳಿಯಲ್ಲಿ, ಅಂಕೋಲೆಗೂ ಕಾರವಾರಕ್ಕೂ ನಡುವೆ, ಹೆದ್ದಾರಿಯ ಮಗ್ಗುಲಿಗಿರುವ ಹಟ್ಟಿಕೇರಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಆಷಾಢದ ಮಳೆ. ರಾತ್ರಿ ಹತ್ತಕ್ಕೆ ಮೂರು ತಿಂಗಳ ಕೂಸು ಚೀರಲಾರಂಭಿಸುತ್ತದೆ. ಹೊಟ್ಟೆನೋವೆಂದು ಓಮದ ನೀರು ಕುಡಿಸುತ್ತಾರೆ. ಡಯಪರ್ ಬಿಚ್ಚಿ ನೋಡುವುದು ಯಾರಿಗೂ ಹೊಳೆಯುವುದಿಲ್ಲ. ಬೆಳಗಿನ ಜಾವ ವಾಂತಿ ಹಸಿರಾದಾಗ 108ಕ್ಕೆ ಕರೆ ಹೋಗುತ್ತದೆ. ಅಂಕೋಲೆಯ ತಾಲ್ಲೂಕು ಆಸ್ಪತ್ರೆ ಹತ್ತಿರ, ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯೂ ದೂರವಲ್ಲ. ಆದರೆ ಮೂರು ತಿಂಗಳ ಕೂಸಿಗೆ ಅಪರಾತ್ರಿಯಲ್ಲಿ ಅರಿವಳಿಕೆ ಕೊಟ್ಟು, ಸಿಕ್ಕಿಕೊಂಡ ಕರುಳನ್ನು ಬಿಡಿಸಿ, ನಂತರ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ನೋಡಿಕೊಳ್ಳುವ ವ್ಯವಸ್ಥೆ ಎಂದರೆ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿರುವ ದೊಡ್ಡ ಆಸ್ಪತ್ರೆಗಳತ್ತ ಮುಖ ಮಾಡಬೇಕಾಗಬಹುದು. ಹುಬ್ಬಳ್ಳಿ ಎಂದರೆ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ ದಾಟಿ ನೂರಮೂವತ್ತು ಕಿಲೋಮೀಟರಿನಷ್ಟು. ಮಣಿಪಾಲ ಅದಕ್ಕಿಂತಲೂ ದೂರ. ಗೋವೆಯ ಬಾಂಬೋಳಿ ಬೇರೆ ರಾಜ್ಯ.

ಮಳೆಗಾಲದಲ್ಲಿ ಈ ದಾರಿಗಳು ನಮ್ಮ ಇಚ್ಛೆಯಂತೆ ತೆರೆದಿರುವುದಿಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಜೀವಗಳು ಹೋಗಿ, ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದುದನ್ನು ನಾಡೆಲ್ಲ ಕಂಡಿತು. ಅದಕ್ಕೆ ಎರಡು ವರ್ಷ ಮೊದಲು, 2022ರ ಜುಲೈನಲ್ಲಿ, ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ತಾಲ್ಲೂಕಿನ ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಮೃತಪಟ್ಟರು. ಹೆಸರು ಒಂದೇ, ಊರು ಬೇರೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡದ ಜನರ ಬೇಡಿಕೆ ಆ ದುರಂತದ ಬಳಿಕ ಎಷ್ಟು ತೀವ್ರವಾಯಿತೆಂಬುದು ಓದುಗರಿಗೆ ನೆನಪಿರಬಹುದು. ಆ ಬೇಡಿಕೆ ನ್ಯಾಯವಾದುದು. ಆದರೆ ಆಸ್ಪತ್ರೆ ಬರುವವರೆಗೆ ಹರ್ನಿಯಾ ಕಾಯುವುದಿಲ್ಲ. ಫಾಲ್ಗುಣದಲ್ಲಿ ಕಂಡ ಉಬ್ಬನ್ನು ಚೈತ್ರದಲ್ಲಿ ಸರಿಪಡಿಸಿಕೊಂಡರೆ ಆಷಾಢದ ಆ ರಾತ್ರಿ ಬರುವುದೇ ಇಲ್ಲ. ಹಗಲು ಬಸ್ಸಿನಲ್ಲಿ ಹೋಗಿ, ಹಗಲು ಬಸ್ಸಿನಲ್ಲಿ ಮರಳಬಹುದಾದ ಪ್ರಯಾಣ ಅದು. ಘಟ್ಟದ ಮೇಲಿನ ಒಳನಾಡಿನ ಹಳ್ಳಿಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಗುಡ್ಡ ಕುಸಿಯದಿದ್ದರೂ ರಾತ್ರಿಯ ದಾರಿ ಉದ್ದವೇ.

ಎಷ್ಟು ಬೇಗ? ತುಂಬು ತಿಂಗಳಿಗೆ ಹುಟ್ಟಿದ ಆರೋಗ್ಯವಂತ ಶಿಶುವಿಗಾದರೆ ರೋಗ ಖಚಿತವಾದ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ಮೂರು ವಾರಗಳಲ್ಲಿ ಮಾಡಿಸುವುದು ಒಳಿತು. ಒಂದು ವರ್ಷ ದಾಟಿದ ಮಗುವಿಗೆ ಇನ್ನು ಸ್ವಲ್ಪ ಸಮಯವಿದೆ, ಆದರೆ ಮುಂದಿನ ಬೇಸಿಗೆ ರಜೆಯವರೆಗೆ ಎಂದು ಮುಂದೂಡುವಷ್ಟಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ವಿಷಯ ಮಾತ್ರ ಬೇರೆ. ಅವುಗಳಿಗೆ ಅರಿವಳಿಕೆಯ ನಂತರ ಉಸಿರು ತಡೆತಡೆದು ನಿಲ್ಲುವ ಅಪಾಯವಿದೆ. ಅಮೆರಿಕದ 39 ಆಸ್ಪತ್ರೆಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಕೂಸುಗಳಿಗೆ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿದವರಲ್ಲಿ 28 ಪ್ರತಿಶತ ಮಕ್ಕಳಿಗೆ ಗಂಭೀರ ತೊಂದರೆಗಳಾದರೆ, ಕೆಲವು ತಿಂಗಳು ಕಾದು ಮಾಡಿದವರಲ್ಲಿ ಅದು 18 ಪ್ರತಿಶತವಾಗಿತ್ತು. ಆದ್ದರಿಂದ ಅಂಥ ಕೂಸಿಗೆ ವೈದ್ಯರೇ ಕಾಯಲು ಹೇಳಬಹುದು. ಅದು ಲೆಕ್ಕ ಹಾಕಿ, ಲಕ್ಷಣಗಳನ್ನು ತಂದೆತಾಯಿಗೆ ತಿಳಿಸಿ ಕಾಯುವುದು. ಮರೆತು ಕಾಯುವುದು ಬೇರೆ.

ಹೆಣ್ಣುಮಗುವಿನ ತೊಡೆಸಂದಿನ ಉಬ್ಬಿನ ಬಗೆಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಮನೆಗಳಲ್ಲಿ ಅದನ್ನು ಸಂಕೋಚದಿಂದ ಮುಚ್ಚಿಡುವುದೇ ಹೆಚ್ಚು. ಅಲ್ಲಿ ಇಳಿದು ಬರುವುದು ಅನೇಕ ಬಾರಿ ಕರುಳಲ್ಲ, ಅಂಡಾಶಯ. ಬಾದಾಮಿಯಷ್ಟು ಗಾತ್ರದ, ಅಲುಗಾಡುವ, ಒತ್ತಿದರೆ ಒಳಗೆ ಹೋಗದ ಗಂಟು ಅದು. ಮಗುವಿಗೆ ನೋವಿಲ್ಲದಿದ್ದರೂ ಅಂಡಾಶಯವು ಅಲ್ಲಿ ತಿರುಚಿಕೊಂಡು ರಕ್ತವಿಲ್ಲದೆ ಹಾಳಾಗುವ ಸಾಧ್ಯತೆ ಇರುವುದರಿಂದ ಬೇಗನೆ ಶಸ್ತ್ರಚಿಕಿತ್ಸೆ ಮಾಡಬೇಕು. ಬಹು ವಿರಳವಾಗಿ, ಹೆಣ್ಣುಮಗುವೆಂದೇ ಬೆಳೆಯುತ್ತಿರುವ ಮಗುವಿನ ಹರ್ನಿಯಾದಲ್ಲಿ ವೃಷಣ ಗ್ರಂಥಿ ಕಂಡುಬರುವುದುಂಟು. ಇದು ಹುಟ್ಟಿನಿಂದ ಬಂದ ದೇಹರಚನೆಯ ಒಂದು ಭೇದ, ಯಾರ ತಪ್ಪಿನ ಫಲವೂ ಅಲ್ಲ. ವೈದ್ಯರು ಆ ಬಗ್ಗೆ ಹೆಚ್ಚಿನ ಪರೀಕ್ಷೆ ಹೇಳಿದರೆ ಹೆದರಿ ಆಸ್ಪತ್ರೆ ಬದಲಿಸದೆ ಮಾತನಾಡಿ ತಿಳಿದುಕೊಳ್ಳಬೇಕು.

ಶಸ್ತ್ರಚಿಕಿತ್ಸೆಯ ದಿನ

ದೊಡ್ಡವರಿಗೆ ಮಾಡುವಂತೆ ಮಕ್ಕಳಿಗೂ ಸ್ನಾಯುಗಳನ್ನು ಹೊಲಿಯಬೇಕೆಂಬ ಅಭಿಪ್ರಾಯ ವೈದ್ಯರಲ್ಲಿಯೇ ಬಹುಕಾಲ ಇತ್ತು. ಷಿಕಾಗೋ ನಗರದ ಮಕ್ಕಳ ಶಸ್ತ್ರವೈದ್ಯ ವಿಲ್ಲಿಸ್ ಪಾಟ್ಸ್ ಮತ್ತು ಅವರ ಸಂಗಡಿಗರು 1950ರಲ್ಲಿ ಪ್ರಕಟಿಸಿದ ಲೇಖನವು, ಮಕ್ಕಳಲ್ಲಿ ಚೀಲದ ಕುತ್ತಿಗೆಯನ್ನು ಆದಷ್ಟು ಮೇಲ್ಗಡೆ ಕಟ್ಟಿ ಚೀಲವನ್ನು ತೆಗೆದರೆ ಸಾಕು, ಉಳಿದುದನ್ನು ಮುಟ್ಟಬಾರದು ಎಂಬುದನ್ನು ದೃಢಪಡಿಸಿತು. ಇಂದಿಗೂ ಶಸ್ತ್ರಚಿಕಿತ್ಸೆಯ ತಿರುಳು ಅದೇ. ತೊಡೆಸಂದಿನ ಚರ್ಮದ ಸಹಜವಾದ ಮಡಿಕೆಯಲ್ಲಿ ಒಂದೂವರೆ ಎರಡು ಸೆಂಟಿಮೀಟರಿನಷ್ಟು ಗಾಯ ಮಾಡುತ್ತಾರೆ. ಒಳಗೆ ಚೀಲವನ್ನು ಹುಡುಕಿ, ಅದಕ್ಕೆ ಅಂಟಿಕೊಂಡಿರುವ ವೀರ್ಯನಾಳವನ್ನೂ ವೃಷಣದ ರಕ್ತನಾಳಗಳನ್ನೂ ಒಂದೊಂದಾಗಿ ಬಿಡಿಸುತ್ತಾರೆ. ಎಳೆಗೂಸಿನಲ್ಲಿ ಆ ವೀರ್ಯನಾಳ ಒಂದು ದಪ್ಪನೆಯ ನೂಲಿನಷ್ಟಿರುತ್ತದೆ. ಜೋರಾಗಿ ಚಿಮಟದಲ್ಲಿ ಹಿಡಿದರೂ ಕೆಡುತ್ತದೆ. ‘ಸಣ್ಣ ಆಪರೇಷನ್’ ಎಂದು ಹೇಳುವುದು ರೂಢಿಯಾದರೂ ಮಕ್ಕಳನ್ನು ಮುಟ್ಟಿ ಅಭ್ಯಾಸವಿರುವ ಕೈಗಳೇ ಬೇಕೆನ್ನುವುದು ಇದಕ್ಕಾಗಿ. ಕೊನೆಗೆ ಚೀಲದ ಕುತ್ತಿಗೆಯನ್ನು ಕಟ್ಟಿ, ತಾನೇ ಕರಗುವ ದಾರದಿಂದ ಚರ್ಮದ ಒಳಹೊಲಿಗೆ ಹಾಕುತ್ತಾರೆ. ಎಲ್ಲ ಸೇರಿ ಅರ್ಧ ಗಂಟೆ, ಮುಕ್ಕಾಲು ಗಂಟೆ.

ಲ್ಯಾಪ್ರೋಸ್ಕೋಪ್ ಎಂಬ ದೂರ್ಬೀನಿನ ಮೂಲಕವೂ ಇದನ್ನು ಮಾಡುತ್ತಾರೆ. ಇನ್ನೊಂದು ಬದಿಯ ದಾರಿಯೂ ತೆರೆದಿದೆಯೇ ಎಂದು ನೋಡಲು ಸಾಧ್ಯವಾಗುವುದು ಅದರ ಅನುಕೂಲ. ಯಾವುದು ಮೇಲು ಎಂದು ತಂದೆತಾಯಿಯರು ಚಿಂತಿಸುವುದುಂಟು. ನನ್ನ ಅಭಿಪ್ರಾಯದಲ್ಲಿ ಆ ಆಯ್ಕೆಯನ್ನು ವೈದ್ಯರಿಗೆ ಬಿಡುವುದು ಸರಿ. ಅವರಿಗೆ ಕೈಪಳಗಿದ ವಿಧಾನವೇ ನಿಮ್ಮ ಮಗುವಿಗೆ ಒಳ್ಳೆಯ ವಿಧಾನ. ಎರಡರಲ್ಲಿಯೂ ಫಲಿತಾಂಶ ಉತ್ತಮವೇ. ಸಕಾಲದಲ್ಲಿ ಮಾಡಿದ ನೂರು ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ ಹರ್ನಿಯಾ ಮರುಕಳಿಸಬಹುದು. ಗಾಯ ಕೀವಾಗುವುದು, ವೃಷಣ ಮೇಲಕ್ಕೆ ಸರಿಯುವುದು ಅಥವಾ ಸೊರಗುವುದು ಇವೂ ಸಾಧ್ಯ, ಆದರೆ ವಿರಳ.

ತಾಯಂದಿರ ನಿಜವಾದ ಭಯ ಕತ್ತಿಯದಲ್ಲ, ಅರಿವಳಿಕೆಯದು. ‘ಇಷ್ಟು ಚಿಕ್ಕ ಕೂಸಿಗೆ ಮಂಪರು ಕೊಟ್ಟರೆ ಬುದ್ಧಿ ಮಂದವಾಗುವುದಿಲ್ಲವೇ’ ಎಂದು ಕೇಳುತ್ತಾರೆ. ಇದು ಅಜ್ಞಾನದ ಪ್ರಶ್ನೆಯಲ್ಲ. ವಿಜ್ಞಾನಿಗಳೂ ಇದನ್ನೇ ಕೇಳಿಕೊಂಡರು. ಉತ್ತರ ಹುಡುಕಲು ಅವರು ಆರಿಸಿಕೊಂಡುದೂ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದ ಶಿಶುಗಳನ್ನೇ. ಏಳು ದೇಶಗಳ 28 ಆಸ್ಪತ್ರೆಗಳಲ್ಲಿ 722 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ಣ ಅರಿವಳಿಕೆ, ಇನ್ನೊಂದಕ್ಕೆ ಎಚ್ಚರವಿರುವಾಗಲೇ ಬೆನ್ನಿನ ಮೂಲಕ ಸೊಂಟದ ಕೆಳಭಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಐದು ವರ್ಷ ವಯಸ್ಸಾದಾಗ ಆ ಮಕ್ಕಳ ಬುದ್ಧಿಶಕ್ತಿಯನ್ನು ಅಳೆದು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪುಗಳಲ್ಲಿ ಅಂತರವಿರಲಿಲ್ಲ. ಒಂದು ಗಂಟೆಗೆ ಮೀರದ ಒಂದು ಬಾರಿಯ ಅರಿವಳಿಕೆ ಮಗುವಿನ ಬುದ್ಧಿಗೆ ಕುಂದು ತರುವುದಿಲ್ಲವೆಂದು ಇದರಿಂದ ಧೈರ್ಯವಾಗಿ ಹೇಳಬಹುದು.

ಅರಿವಳಿಕೆಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಬೇರೆ ದಾರಿಯಿಂದ. ಹೊಟ್ಟೆಯಲ್ಲಿ ಆಹಾರವಿದ್ದರೆ ಅದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಅದಕ್ಕೇ ಉಪವಾಸ. ಸಾಮಾನ್ಯವಾಗಿ ಹಸುವಿನ ಹಾಲು, ಡಬ್ಬಿಯ ಹಾಲು, ಗಂಜಿ, ಬಿಸ್ಕತ್ತು ಇವು ಆರು ಗಂಟೆ ಮೊದಲು ನಿಲ್ಲಬೇಕು, ತಾಯಿಯ ಹಾಲು ನಾಲ್ಕು ಗಂಟೆ ಮೊದಲು, ಬರಿಯ ನೀರು ಎರಡು ಗಂಟೆ ಮೊದಲು. ನಿಮ್ಮ ಆಸ್ಪತ್ರೆ ಹೇಳಿದ ವೇಳೆಯನ್ನೇ ಪಾಲಿಸಿರಿ. ಶ್ರೀಮಠದ ಭಕ್ತರ ಮನೆಗಳಲ್ಲಿ ಶುಭವಾಗಲೆಂದು ಶಸ್ತ್ರಚಿಕಿತ್ಸೆಗೆ ಹೊರಡುವ ಮುನ್ನ ಕೂಸಿನ ಬಾಯಿಗೆ ಒಂದು ಚೂರು ಪ್ರಸಾದ ಇಡುವುದುಂಟು. ಭಕ್ತಿಯಿಂದ ಇಟ್ಟದ್ದಾದರೂ ಹೊಟ್ಟೆಗೆ ಅದು ಆಹಾರವೇ. ಪ್ರಸಾದವನ್ನು ಜೊತೆಗೆ ಕಟ್ಟಿಕೊಂಡು ಹೋಗಿ, ಮಗು ಎಚ್ಚೆತ್ತು ವೈದ್ಯರು ಅನುಮತಿಸಿದ ಮೇಲೆ ಕೊಡಬಹುದು.

ಕೊರಳಲ್ಲಿ ಇಷ್ಟಲಿಂಗದ ಕರಡಿಗೆಯಿದ್ದರೆ ಅದರ ವಿಷಯವನ್ನೂ ಮೊದಲೇ ಮಾತನಾಡಿಕೊಳ್ಳುವುದು ಲೇಸು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲಿನ ಲೋಹ ಸುಟ್ಟಗಾಯಕ್ಕೆ ಕಾರಣವಾಗಬಹುದು; ಉಸಿರಿನ ಕೊಳವೆ ಹಾಕುವಾಗ ಕೊರಳ ದಾರವೂ ಅಡ್ಡಿ. ಬಾಗಿಲಲ್ಲಿ ದಾದಿ ಒಮ್ಮೆಲೇ ‘ಬಿಚ್ಚಿ’ ಎಂದಾಗ ಹಿರಿಯರ ಮನಸ್ಸು ನೋಯುವುದನ್ನು ಕಂಡಿದ್ದೇನೆ. ಹಿಂದಿನ ದಿನವೇ ಕೇಳಿಕೊಂಡರೆ, ತಾಯಿಯೇ ಅದನ್ನು ತೆಗೆದು ತನ್ನಲ್ಲಿಟ್ಟುಕೊಂಡು, ಮಗು ಹೊರಬಂದ ಮೇಲೆ ಮರಳಿ ಧರಿಸಬಹುದು. ಉಡಿದಾರ, ಬೆಳ್ಳಿಯ ಕಡಗ, ತಾಯಿತಗಳನ್ನೂ ಮನೆಯಲ್ಲಿಯೇ ಬಿಚ್ಚಿಟ್ಟು ಬಂದರೆ ಒಳಿತು. ಹರ್ನಿಯಾ ಇಳಿಯದಿರಲೆಂದು ಉಡಿದಾರವನ್ನು ಬಿಗಿಯಾಗಿ ಕಟ್ಟುವವರಿದ್ದಾರೆ. ಇಳಿದ ಕರುಳನ್ನು ಒತ್ತಿಹಿಡಿಯುವುದಷ್ಟೇ ಅದರ ಕೆಲಸ. ಇನ್ನು ಹೊಟ್ಟೆಯ ಮೇಲೆ ಬರೆ ಹಾಕಿಸುವುದಂತೂ ಕೂಸಿಗೆ ಮಾಡುವ ಹಿಂಸೆಯೇ ಸರಿ. ಸುಟ್ಟಗಾಯ ಕೀವಾಗಿ ಶಸ್ತ್ರಚಿಕಿತ್ಸೆಯೂ ಮುಂದಕ್ಕೆ ಹೋಗುತ್ತದೆ.

ನೆಗಡಿ, ಕೆಮ್ಮು, ಜ್ವರವಿದ್ದರೆ ಮುಚ್ಚಿಡಬೇಡಿ. ಸಿಕ್ಕ ದಿನಾಂಕ ತಪ್ಪೀತೆಂಬ ಭಯದಿಂದ ಮುಚ್ಚಿಡುವವರೇ ಹೆಚ್ಚು. ಕೆಮ್ಮುವ ಮಗುವಿಗೆ ಅರಿವಳಿಕೆ ಅಪಾಯಕರ. ಕೆಲವು ವಾರ ಮುಂದೂಡಿದರೆ ನಷ್ಟವಿಲ್ಲ, ಆ ನಡುವೆ ಉಬ್ಬಿನ ಮೇಲೆ ಕಣ್ಣಿರಲಿ.

ಮನೆಗೆ ಮರಳಿದ ಮೇಲೆ

ಆರೋಗ್ಯವಂತ ಮಗು ಅದೇ ದಿನ ಸಂಜೆ ಮನೆಗೆ ಮರಳಬಹುದು. ಇದೇನೂ ಹೊಸ ಕಾಲದ ಅವಸರವಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜೇಮ್ಸ್ ನಿಕೋಲ್ ಎಂಬ ಶಸ್ತ್ರವೈದ್ಯರು ಬಡವರ ಮಕ್ಕಳಿಗೆ ಹೊರರೋಗಿ ವಿಭಾಗದಲ್ಲಿಯೇ ಹರ್ನಿಯಾವೂ ಸೇರಿದಂತೆ ಅನೇಕ ಶಸ್ತ್ರಚಿಕಿತ್ಸೆಗಳನ್ನು ಮಾಡಿ, ತಾಯಿಯ ಕೈಗೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಹತ್ತು ವರ್ಷಗಳಲ್ಲಿ ಇಂಥ 8,988 ಶಸ್ತ್ರಚಿಕಿತ್ಸೆಗಳಾದುವೆಂದು ಅವರು 1909ರಲ್ಲಿ ವರದಿ ಮಾಡಿದರು. ಎಳೆಗೂಸಿಗೆ ಆಸ್ಪತ್ರೆಯ ಹಾಸಿಗೆಗಿಂತ ತಾಯಿಯ ಮಡಿಲೇ ಹಿತವೆಂಬುದು ಅವರ ಅನುಭವ. ಎಳೆಯ ತಿಂಗಳಿನ ಶಿಶುಗಳನ್ನು, ಅವಧಿಗೆ ಮುನ್ನ ಹುಟ್ಟಿದವುಗಳನ್ನು ಮಾತ್ರ ಒಂದು ರಾತ್ರಿ ಉಸಿರಿನ ನಿಗಾದಲ್ಲಿ ಇರಿಸಿಕೊಳ್ಳುತ್ತಾರೆ. ದೂರದ ಊರಿನವರು ತಾವಾಗಿಯೇ ಒಂದು ರಾತ್ರಿ ಆಸ್ಪತ್ರೆಯ ಬಳಿ ಉಳಿದುಕೊಳ್ಳುವುದು ವಿವೇಕ.

ನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಹನಿ ಒಂದೆರಡು ದಿನ ಸಾಕು. ವೃಷಣಕೋಶ ಕೆಲವು ದಿನ ಸ್ವಲ್ಪ ಊದಿ, ಕಪ್ಪಾಗಿ ಕಾಣಬಹುದು, ಗಾಬರಿ ಬೇಡ. ಗಾಯದ ಮೇಲೆ ಅರಿಶಿನ, ಬೂದಿ, ಎಣ್ಣೆ ಏನನ್ನೂ ಹಚ್ಚಬಾರದು. ಸ್ನಾನವನ್ನು ವೈದ್ಯರು ಹೇಳಿದ ದಿನದಿಂದ ಆರಂಭಿಸಿ, ಆ ಜಾಗವನ್ನು ಉಜ್ಜದಿರಿ. ಶಾಲೆಗೆ ಹೋಗುವ ಮಗು ಒಂದು ವಾರದಲ್ಲಿ ಮರಳಬಹುದು. ಸೈಕಲ್, ಓಟ, ಕುಸ್ತಿಗಳಿಗೆ ಎರಡು ಮೂರು ವಾರ ಬಿಡುವು. ಗಾಯ ಕೆಂಪಾಗಿ ಬಿಸಿಯಾದರೆ, ರಕ್ತ ಅಥವಾ ಕೀವು ಒಸರಿದರೆ, ಜ್ವರ ಬಂದರೆ, ಎಂಟು ಗಂಟೆಯಾದರೂ ಮೂತ್ರವಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಕೆಲವು ತಿಂಗಳ ಬಳಿಕ ಇನ್ನೊಂದು ಬದಿಯಲ್ಲಿ ಉಬ್ಬು ಕಂಡರೆ, ಮಾಡಿದ್ದು ಕೆಟ್ಟಿತೆಂದು ತಿಳಿಯಬೇಡಿ. ಅದು ಬೇರೆಯೇ ದಾರಿ. ಮೊದಲು ಕಾಣದಿದ್ದುದು ಈಗ ಕಂಡಿರುತ್ತದೆ.

ಖರ್ಚಿನ ಮಾತು. ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆ ಅಲ್ಪ ವೆಚ್ಚದಲ್ಲಿ ಆಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. ಸರಕಾರಿ ಆಸ್ಪತ್ರೆಯಲ್ಲಿ ಸೌಲಭ್ಯವಿಲ್ಲದಿದ್ದರೆ ಅಲ್ಲಿಂದ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಸಂದರ್ಭದಲ್ಲಿ ಆ ಪತ್ರಕ್ಕಾಗಿ ಕಾಯಬೇಕಾಗಿಲ್ಲ. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡುಗಳನ್ನು ಮೊದಲ ಭೇಟಿಯಲ್ಲಿಯೇ ಒಯ್ದರೆ ಓಡಾಟ ಉಳಿಯುತ್ತದೆ. ಕೂಸಿನ ಹೆಸರು ಪಡಿತರ ಚೀಟಿಗೆ ಇನ್ನೂ ಸೇರಿರದಿದ್ದರೆ ಏನು ಮಾಡಬೇಕೆಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿಕೊಳ್ಳಿ. ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿ ಶಿಕ್ಷಕಿಗೆ ಉಬ್ಬಿನ ವಿಷಯ ತಿಳಿಸಿದರೆ, ಯಾವ ದಿನ ಯಾವ ಆಸ್ಪತ್ರೆಯಲ್ಲಿ ಮಕ್ಕಳ ಶಸ್ತ್ರವೈದ್ಯರು ಸಿಗುತ್ತಾರೆಂಬುದನ್ನು ಅವರ ಮೂಲಕವೇ ಕೇಳಿ ತಿಳಿಯಬಹುದು.